ಏಳು ಅಡಿಯ ಪೆಟ್ಟಿಗೆ, ಒಂದು ಗೋಡೆ: ದೊಡ್ಡ ಸರಕನ್ನು ಅಂಗಡಿಯಲ್ಲಿ ಜೋಡಿಸುವುದು ಹೇಗೆ? ಶವಪೆಟ್ಟಿಗೆ ಶೋರೂಂ ಕಲಿಸುವ ಪಾಠ

ಸೋಪು, ಬಿಸ್ಕತ್ತು, ಮೊಬೈಲ್ ಮಾರುವವರಿಗೆ ಜಾಗದ ಚಿಂತೆ ಅಷ್ಟಾಗಿ ಇರುವುದಿಲ್ಲ. ಒಂದು ಕಪಾಟಿನಲ್ಲಿ ನೂರಾರು ಸರಕು ಹಿಡಿಸುತ್ತದೆ. ಆದರೆ ಹಾಸಿಗೆ, ಬಾಗಿಲು, ಕಾರ್ಪೆಟ್, ಗ್ರಾನೈಟ್ ಚಪ್ಪಡಿ ಮಾರುವವರ ಕಥೆ ಬೇರೆ. ಒಂದೊಂದು ಸರಕೂ ಒಂದು ಕೋಣೆಯಷ್ಟು ಜಾಗ ಕೇಳುತ್ತದೆ. ಇವೆಲ್ಲಕ್ಕಿಂತ ಕಷ್ಟದ ಸರಕು ಇನ್ನೊಂದಿದೆ. ಅದು ಶವಪೆಟ್ಟಿಗೆ.

ಅದು ಸುಮಾರು ಏಳು ಅಡಿ ಉದ್ದದ, ಇಬ್ಬರು ಮೂವರು ಸೇರಿ ಎತ್ತಬೇಕಾದ ವಸ್ತು. ಕೊಳ್ಳಲು ಬಂದವರಿಗೆ ಅದರ ಬಗ್ಗೆ ಏನೂ ಗೊತ್ತಿರುವುದಿಲ್ಲ. ನಾಲ್ಕು ಅಂಗಡಿ ಸುತ್ತಿ ಬೆಲೆ ವಿಚಾರಿಸುವ ಸಮಯವಿಲ್ಲ, ಮನಸ್ಸಂತೂ ಮೊದಲೇ ಇಲ್ಲ. ಕೊಂಡ ಮೇಲೆ ವಾಪಸ್ ಕೊಡುವ ಪ್ರಶ್ನೆಯೂ ಇಲ್ಲ. ಹೀಗಿರುವಾಗ ಅಂಗಡಿಯಲ್ಲಿ ಯಾವ ಪೆಟ್ಟಿಗೆ ಎಲ್ಲಿದೆ, ಯಾವುದು ಮೊದಲು ಕಣ್ಣಿಗೆ ಬೀಳುತ್ತದೆ, ಬೆಲೆಯ ಚೀಟಿ ಎಲ್ಲಿ ಅಂಟಿಸಿದೆ ಎಂಬುದೇ ಒಂದು ಕುಟುಂಬ ಎಷ್ಟು ಹಣ ಖರ್ಚು ಮಾಡುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿಬಿಡುತ್ತದೆ. ಅಮೆರಿಕದಲ್ಲಿ ಈ ವಿಷಯ ಪುಸ್ತಕವಾಗಿ, ಕಾನೂನಾಗಿ, ಕೋರ್ಟ್ ಕಟ್ಟೆಯನ್ನೂ ಏರಿದೆ. ಅದರ ಹಿಂದಿನ ಲೆಕ್ಕಾಚಾರ ಏನು ಎಂಬ ವಿವರ ಇಲ್ಲಿದೆ.

ದೊಡ್ಡ ಸರಕಿನ ಮೂಲ ಸಮಸ್ಯೆ

ಮೊದಲು ಸರಳ ಲೆಕ್ಕ ನೋಡೋಣ. 6 ಅಡಿ ಅಗಲ, 9 ಅಡಿ ಉದ್ದದ ಒಂದು ಕಾರ್ಪೆಟ್ ನೆಲದ ಮೇಲೆ ಹಾಸಿದರೆ 54 ಚದರ ಅಡಿ ಬೇಕು. ಇಂತಹ 50 ಕಾರ್ಪೆಟ್ ತೋರಿಸಲು 2,700 ಚದರ ಅಡಿ. ಮುಂಬೈ ಅಥವಾ ದೆಹಲಿಯ ಬಾಡಿಗೆ ಲೆಕ್ಕ ಹಾಕಿದರೆ ಯಾವ ವ್ಯಾಪಾರಿಗೂ ಇದು ಗಿಟ್ಟುವುದಿಲ್ಲ. ಆದ್ದರಿಂದಲೇ ಕಾರ್ಪೆಟ್ ಅಂಗಡಿಗಳಲ್ಲಿ ಗೋಡೆಗೆ ಕೀಲು ಹಾಕಿದ ಉದ್ದನೆಯ ತೋಳುಗಳಿರುತ್ತವೆ. ಒಂದೊಂದು ತೋಳಿಗೆ ಒಂದೊಂದು ಕಾರ್ಪೆಟ್ ನೇತುಹಾಕಿ, ಪುಸ್ತಕದ ಹಾಳೆ ತಿರುವಿದಂತೆ ಗಿರಾಕಿ ತಿರುವಿ ನೋಡಬಹುದು. ಟೈಲ್ಸ್ ಅಂಗಡಿಯ ರೆಕ್ಕೆಯಂತಹ ಸ್ಟ್ಯಾಂಡ್‌ಗಳೂ ಇದೇ ತತ್ವದವು.

ಗ್ರಾನೈಟ್ ಚಪ್ಪಡಿಯ ಸಮಸ್ಯೆ ಜಾಗ ಮಾತ್ರವಲ್ಲ, ತೂಕವೂ ಹೌದು. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಒಂದು ಚದರ ಮೀಟರ್‌ಗೆ ಸುಮಾರು 54 ಕೆಜಿ ತೂಗುತ್ತದೆ. 10 ಅಡಿ ಉದ್ದ, 6 ಅಡಿ ಎತ್ತರದ ಒಂದು ಚಪ್ಪಡಿಯ ತೂಕ ಹತ್ತಿರ ಹತ್ತಿರ 300 ಕೆಜಿ. ಬೆಂಗಳೂರಿನ ಜಿಗಣಿ ಸುತ್ತಮುತ್ತಲ ಗ್ರಾನೈಟ್ ಯಾರ್ಡ್‌ಗಳಿಗೆ ಹೋದವರು ಅಲ್ಲಿನ ಕಬ್ಬಿಣದ ಚೌಕಟ್ಟುಗಳನ್ನು ನೋಡಿರುತ್ತಾರೆ. ಇಂಗ್ಲಿಷ್‌ನ 'ಎ' ಅಕ್ಷರದ ಆಕಾರದಲ್ಲಿರುವ ಆ ಚೌಕಟ್ಟಿಗೆ ಎರಡೂ ಕಡೆಯಿಂದ ಚಪ್ಪಡಿಗಳನ್ನು ಸ್ವಲ್ಪ ವಾಲಿಸಿ ನಿಲ್ಲಿಸಿರುತ್ತಾರೆ. ನೇರವಾಗಿ ನಿಲ್ಲಿಸಿದರೆ ಮುಂದಕ್ಕೆ ಬೀಳುವ ಭಯ, ಹೆಚ್ಚು ವಾಲಿಸಿದರೆ ಜಾಗ ದಂಡ. ಎರಡರ ನಡುವಿನ ಕೋನವೇ ವಿನ್ಯಾಸ.

ಒಟ್ಟಾರೆ ದೊಡ್ಡ ಸರಕಿಗೆ ಮೂರು ದಾರಿಗಳಿವೆ. ಒಂದು, ಮಲಗಿಸುವ ಬದಲು ನಿಲ್ಲಿಸುವುದು ಅಥವಾ ನೇತುಹಾಕುವುದು. ಎರಡು, ಇಡೀ ಸರಕಿನ ಬದಲು ತುಂಡೊಂದನ್ನು ತೋರಿಸುವುದು. ಮೂರು, ತೋರಿಸುವ ಜಾಗ ಮತ್ತು ಸಂಗ್ರಹಿಸುವ ಜಾಗವನ್ನು ಬೇರೆ ಮಾಡುವುದು. ಸ್ವೀಡನ್ ಮೂಲದ ಐಕಿಯಾ ಮೂರನೆಯದಕ್ಕೆ ಪ್ರಸಿದ್ಧ ಉದಾಹರಣೆ. 1950ರ ದಶಕದಿಂದಲೇ ಬಿಡಿಭಾಗಗಳನ್ನು ಚಪ್ಪಟೆ ಪೆಟ್ಟಿಗೆಯಲ್ಲಿ ಮಾರುವ ಪದ್ಧತಿ ಬೆಳೆಸಿದ ಈ ಕಂಪನಿ, ಶೋರೂಂನಲ್ಲಿ ಜೋಡಿಸಿದ ಒಂದು ಮಂಚವನ್ನು ತೋರಿಸಿ, ಗೋದಾಮಿನಲ್ಲಿ ಚಪ್ಪಟೆ ಪೆಟ್ಟಿಗೆಯನ್ನು ಕೈಗೆ ಕೊಡುತ್ತದೆ. ಹೈದರಾಬಾದ್‌ನಲ್ಲಿ 2018ರಲ್ಲಿ, ನವಿ ಮುಂಬೈನಲ್ಲಿ 2020ರಲ್ಲಿ, ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ಆರಂಭವಾದ ಮಳಿಗೆಗಳಲ್ಲಿ ಇದನ್ನು ಹಲವು ಕನ್ನಡಿಗರು ಕಂಡಿದ್ದಾರೆ.

ಗಿರಾಕಿ ಏನನ್ನು ಪರೀಕ್ಷಿಸುತ್ತಾನೆ?

ಯಾವ ದಾರಿ ಹಿಡಿಯಬೇಕು ಎಂಬುದನ್ನು ನಿರ್ಧರಿಸುವುದು ಒಂದೇ ಪ್ರಶ್ನೆ: ಕೊಳ್ಳುವವರು ಏನನ್ನು ನೋಡಿ, ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು?

ಹಾಸಿಗೆಯ ಒಂದು ತುಂಡನ್ನು ಕತ್ತರಿಸಿ ಇಟ್ಟರೆ ಒಳಗಿನ ಸ್ಪ್ರಿಂಗ್, ಫೋಮ್, ತೆಂಗಿನ ನಾರಿನ ಪದರ ಕಾಣುತ್ತದೆ. ಆದರೆ ಮಲಗಿ ನೋಡದೆ ಹಾಸಿಗೆ ಕೊಳ್ಳಲು ಹಲವರು ಒಪ್ಪುವುದಿಲ್ಲ. ಹಾಗಾಗಿ ಹಾಸಿಗೆ ಅಂಗಡಿಗೆ ತುಂಡೂ ಬೇಕು, ಇಡೀ ಹಾಸಿಗೆಯೂ ಬೇಕು. ಬಾಗಿಲಿಗೆ ಮರದ ಬಣ್ಣ, ದಪ್ಪ, ಮುಚ್ಚುವಾಗಿನ ಬಿಗಿ ಮುಖ್ಯ. ಅದಕ್ಕೆ ಕೀಲು ಹಾಕಿದ ಚೌಕಟ್ಟಿನಲ್ಲಿ ಸಣ್ಣ ಬಾಗಿಲು ಸಾಕು.

ಶವಪೆಟ್ಟಿಗೆಯ ವಿಷಯದಲ್ಲಿ ಯಾರೂ ಮಲಗಿ ನೋಡುವುದಿಲ್ಲ. ನೋಡುವುದು ಬಣ್ಣ, ಲೋಹ ಅಥವಾ ಮರದ ಜಾತಿ, ಒಳಗಿನ ಬಟ್ಟೆ, ಹಿಡಿಕೆ, ಮೂಲೆಯ ಅಲಂಕಾರ ಇಷ್ಟೇ. ಇವೆಲ್ಲವೂ ಪೆಟ್ಟಿಗೆಯ ಒಂದು ಮೂಲೆಯಲ್ಲೇ ಸಿಗುತ್ತವೆ. ಈ ಸಣ್ಣ ಗಮನಿಕೆಯೇ ಅಮೆರಿಕದ ಶವಪೆಟ್ಟಿಗೆ ಶೋರೂಂಗಳ ಚಹರೆಯನ್ನು ಬದಲಿಸಿತು.

ಪೆಟ್ಟಿಗೆಗಳ ಕೋಣೆಯಿಂದ ಮೂಲೆಗಳ ಗೋಡೆಗೆ

ಇಂಗ್ಲಿಷ್‌ನಲ್ಲಿ ಕಾಫಿನ್ ಮತ್ತು ಕ್ಯಾಸ್ಕೆಟ್ ಎಂಬ ಎರಡು ಪದಗಳಿವೆ. ಭುಜದ ಬಳಿ ಅಗಲವಾಗಿ, ತಲೆ ಮತ್ತು ಕಾಲಿನ ಕಡೆ ಕಿರಿದಾಗುವ ಆರು ಮೂಲೆಯ ಪೆಟ್ಟಿಗೆ ಕಾಫಿನ್. ನಾಲ್ಕು ಮೂಲೆಯ ಆಯತಾಕಾರದ್ದು ಕ್ಯಾಸ್ಕೆಟ್. ಅಮೆರಿಕದಲ್ಲಿ 19ನೇ ಶತಮಾನದ ಉತ್ತರಾರ್ಧದಿಂದ ಕ್ಯಾಸ್ಕೆಟ್ ಬಳಕೆ ಹೆಚ್ಚಿತು. ಮೊದಲು ಊರಿನ ಬಡಗಿಯೇ ಅಳತೆ ತೆಗೆದುಕೊಂಡು ಪೆಟ್ಟಿಗೆ ಮಾಡಿಕೊಡುತ್ತಿದ್ದ. ಕಾರ್ಖಾನೆಗಳು ಬಂದ ಮೇಲೆ ಅಂತ್ಯಸಂಸ್ಕಾರ ಮಾಡಿಸುವ ಸಂಸ್ಥೆಗಳು, ಅಂದರೆ ಫ್ಯೂನರಲ್ ಹೋಮ್‌ಗಳು, ಸಿದ್ಧ ಪೆಟ್ಟಿಗೆಗಳನ್ನು ತಂದು ಒಂದು ಕೋಣೆಯಲ್ಲಿ ಸಾಲಾಗಿ ಇಡತೊಡಗಿದವು.

ಸಾಮಾನ್ಯ ಪೆಟ್ಟಿಗೆಯ ಹೊರ ಅಳತೆ ಸುಮಾರು 84 ಇಂಚು ಉದ್ದ, 28 ಇಂಚು ಅಗಲ. ಒಂದು ಬದಿಗೆ ಮೂರು ಅಡಿ ಓಡಾಡುವ ದಾರಿ ಸೇರಿಸಿದರೆ ಪ್ರತಿ ಪೆಟ್ಟಿಗೆಗೆ ಹತ್ತಿರ ಹತ್ತಿರ 37 ಚದರ ಅಡಿ ಬೇಕು. 20 ಮಾದರಿ ತೋರಿಸಲು 740 ಚದರ ಅಡಿ. ನಮ್ಮ ಲೆಕ್ಕದಲ್ಲಿ ಒಂದು ಎರಡು ಬೆಡ್‌ರೂಂ ಫ್ಲ್ಯಾಟ್‌ನಷ್ಟು.

ಈಗ ಇದೇ 20 ಮಾದರಿಗಳ ಮೂಲೆಗಳನ್ನು ಮಾತ್ರ ಗೋಡೆಗೆ ಎರಡು ಸಾಲಿನಲ್ಲಿ ಹಾಕಿದರೆ? ಒಂದೊಂದಕ್ಕೆ ಎರಡೂವರೆ ಅಡಿ ಅಗಲ ಎಂದುಕೊಂಡರೂ 25 ಅಡಿ ಗೋಡೆ ಸಾಕು. ಗೋಡೆಯಿಂದ ಒಂದೂವರೆ ಅಡಿ ಹೊರಚಾಚು, ಮುಂದೆ ನಿಲ್ಲಲು ನಾಲ್ಕು ಅಡಿ ಸೇರಿಸಿದರೆ ಒಟ್ಟು 140 ಚದರ ಅಡಿಗಿಂತ ಕಡಿಮೆ. ಅಂದರೆ ಮೊದಲಿನ ಜಾಗದ ಐದನೇ ಒಂದು ಭಾಗ ಮಾತ್ರ.

ಇಂದು ಅಮೆರಿಕದ ಹಲವು ಫ್ಯೂನರಲ್ ಹೋಮ್‌ಗಳಲ್ಲಿ ಒಂದೆರಡು ಪೂರ್ಣ ಪೆಟ್ಟಿಗೆ, ಉಳಿದದ್ದೆಲ್ಲ ಕತ್ತರಿಸಿದ ಮೂಲೆಗಳು ಅಥವಾ ತುದಿಗಳು ಎಂಬ ವ್ಯವಸ್ಥೆ ಇದೆ. ಇನ್ನು ಕೆಲವೆಡೆ ಪರದೆಯ ಮೇಲೆ ಚಿತ್ರಗಳೇ ಸಾಕು ಎನ್ನುವಷ್ಟು ಕೋಣೆ ಕಿರಿದಾಗಿದೆ.

ಇದರಿಂದ ವ್ಯಾಪಾರಿಗೆ ಬಾಡಿಗೆ ಮತ್ತು ಬಂಡವಾಳ ಉಳಿತಾಯವಾಯಿತು. ಕುಟುಂಬಕ್ಕೂ ಒಂದು ಅನುಕೂಲವಿತ್ತು. ಮುಚ್ಚಳ ತೆರೆದ ಇಪ್ಪತ್ತು ಪೆಟ್ಟಿಗೆಗಳ ನಡುವೆ ನಡೆಯುವುದು ದುಃಖದಲ್ಲಿರುವವರಿಗೆ ಸುಲಭದ ಮಾತಲ್ಲ. ಮೂಲೆಗಳ ಗೋಡೆ ಅಷ್ಟು ಎದೆ ನಡುಗಿಸುವುದಿಲ್ಲ. ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಎಲ್ಲ ಮಾದರಿಗಳೂ ಒಂದೇ ನೋಟಕ್ಕೆ ಸಿಗುವಾಗ ಹೊಳಪಿನ ಹಿಡಿಕೆ, ಮಖಮಲ್ಲಿನ ಒಳಬಟ್ಟೆ ಹೆಚ್ಚು ಕಣ್ಸೆಳೆಯುತ್ತವೆ. ಅಲಂಕಾರವಿರುವುದೇ ಮೂಲೆಯಲ್ಲಿ. ಸಾದಾ ಪೆಟ್ಟಿಗೆಯ ಮೂಲೆ ಅದರ ಪಕ್ಕದಲ್ಲಿ ತೀರಾ ಬಡವಾಗಿ ಕಾಣುತ್ತದೆ.

ಚೌಕಟ್ಟಿನ ಒಳಲೆಕ್ಕ

ಇಂತಹ ಗೋಡೆ ಚೌಕಟ್ಟು ಮಾಡುವವರು ಮೊದಲು ನೋಡುವುದು ತೂಕವನ್ನಲ್ಲ, ತೂಕ ಗೋಡೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು.

ಒಂದು ಮೂಲೆ ತುಂಡು 20 ಕೆಜಿ ಇದೆ, ಗೋಡೆಯಿಂದ 60 ಸೆಂಟಿಮೀಟರ್ ಹೊರಚಾಚಿದೆ ಎಂದುಕೊಳ್ಳೋಣ. ಅದರ ತೂಕದ ಕೇಂದ್ರ ಸುಮಾರು 30 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅದನ್ನು ಹಿಡಿದಿರುವ ಬ್ರಾಕೆಟ್‌ನ ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವೆ 40 ಸೆಂಟಿಮೀಟರ್ ಅಂತರವಿದ್ದರೆ, ಮೇಲಿನ ಸ್ಕ್ರೂ ಗೋಡೆಯಿಂದ ಕಿತ್ತುಬರುವಂತೆ ಎಳೆಯುವ ಬಲ 15 ಕೆಜಿಯಷ್ಟು. ಅದೇ ಅಂತರ 10 ಸೆಂಟಿಮೀಟರ್ ಆದರೆ ಎಳೆತ 60 ಕೆಜಿಗೆ ಏರುತ್ತದೆ. ಇದರ ಜೊತೆಗೆ ಯಾರಾದರೂ ತುದಿಗೆ ಕೈಯೂರಿ 30 ಕೆಜಿ ಭಾರ ಹಾಕಿದರೆ? 40 ಸೆಂಟಿಮೀಟರ್ ಬ್ರಾಕೆಟ್‌ನಲ್ಲಿ ಒಟ್ಟು ಎಳೆತ 60 ಕೆಜಿ, 10 ಸೆಂಟಿಮೀಟರ್‌ನದ್ದರಲ್ಲಿ 240 ಕೆಜಿ. ಜಿಪ್ಸಂ ಬೋರ್ಡಿನ ಗೋಡೆಯಾದರೆ ಸ್ಕ್ರೂ ಕಿತ್ತು ಬರುವುದು ಖಚಿತ.

ಶವಪೆಟ್ಟಿಗೆ ಶೋರೂಂನಲ್ಲಿ ಕೈಯೂರುವುದು ಅಪರೂಪದ ಸಂಗತಿಯಲ್ಲ. ಅಲ್ಲಿ ಬರುವವರಲ್ಲಿ ವಯಸ್ಸಾದವರೇ ಹೆಚ್ಚು. ನಿದ್ದೆಗೆಟ್ಟಿರುತ್ತಾರೆ, ಅತ್ತಿರುತ್ತಾರೆ, ಕುಸಿಯುವ ಹಾಗಾಗುತ್ತದೆ. ಹತ್ತಿರದಲ್ಲಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾರೆ. ಹಾಗಾಗಿ ಚೌಕಟ್ಟು ಸರಕಿನ ಭಾರವನ್ನಷ್ಟೇ ಅಲ್ಲ, ಮನುಷ್ಯನ ಭಾರವನ್ನೂ ತಾಳಬೇಕು. ಕುರ್ಚಿ ಕೈಗೆಟಕುವ ದೂರದಲ್ಲಿ ಇರಬೇಕು.

ದಾರಿಯ ಅಗಲವೂ ಮುಖ್ಯ. ಅಮೆರಿಕದ ಅಂಗವಿಕಲರ ಹಕ್ಕು ಕಾನೂನಿನ ಮಾನದಂಡದಂತೆ ಗಾಲಿಕುರ್ಚಿ ಸಾಗಲು ಕನಿಷ್ಠ 36 ಇಂಚು ದಾರಿ ಬೇಕು. ಕೈಗೆಟಕಬೇಕಾದ ವಸ್ತುಗಳು ನೆಲದಿಂದ 48 ಇಂಚಿಗಿಂತ ಎತ್ತರದಲ್ಲಿ ಇರಬಾರದು. ಬೆಲೆ ಚೀಟಿಯನ್ನು ಮೇಲಿನ ಸಾಲಿನ ನೆತ್ತಿಗೆ ಅಂಟಿಸಿದರೆ ಕುಳಿತವರಿಗೆ ಅದು ಕಾಣುವುದೇ ಇಲ್ಲ.

ಬೆಳಕಿನ ಲೆಕ್ಕವೂ ಇದೆ. ಬೆಚ್ಚಗಿನ ಹಳದಿ ಬೆಳಕಿನಲ್ಲಿ ತಾಮ್ರ ಮತ್ತು ಮರ ಚೆನ್ನಾಗಿ ಕಾಣುತ್ತವೆ, ನೀಲಿ ಮತ್ತು ಬೆಳ್ಳಿ ಬಣ್ಣ ಮಂಕಾಗುತ್ತವೆ. ದುಬಾರಿ ಮಾದರಿಯ ಮೇಲೆ ಒಂದು ಪ್ರತ್ಯೇಕ ದೀಪ ಹಾಕಿ, ಅಗ್ಗದ್ದನ್ನು ಕತ್ತಲ ಮೂಲೆಗೆ ತಳ್ಳಿದರೆ ಮಾತಾಡದೆಯೇ ವ್ಯಾಪಾರ ನಡೆಯುತ್ತದೆ.

ಬಲಕ್ಕೆ ತಿರುಗುವ ಗಿರಾಕಿ

ಈ ಮಾತಿಲ್ಲದ ವ್ಯಾಪಾರವನ್ನು ಜಗತ್ತಿಗೆ ತಿಳಿಸಿದವರು ಇಂಗ್ಲೆಂಡ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಬರಹಗಾರ್ತಿ ಜೆಸ್ಸಿಕಾ ಮಿಟ್‌ಫೋರ್ಡ್. 1963ರಲ್ಲಿ ಬಂದ ಅವರ 'ದಿ ಅಮೆರಿಕನ್ ವೇ ಆಫ್ ಡೆತ್' ಪುಸ್ತಕ ಅಂತ್ಯಸಂಸ್ಕಾರ ಉದ್ಯಮದ ಒಳಗುಟ್ಟುಗಳನ್ನು ಬಿಚ್ಚಿಟ್ಟಿತು. ಉದ್ಯಮದವರೇ ತಮ್ಮವರಿಗಾಗಿ ಬರೆದುಕೊಂಡ ಕೈಪಿಡಿಗಳನ್ನೇ ಅವರು ಸಾಕ್ಷಿಯಾಗಿ ಬಳಸಿದರು.

ಅಂತಹ ಒಂದು ಕೈಪಿಡಿ ಬರೆದವರು ಆ ಉದ್ಯಮದ ಮುಖಂಡ ವಿಲ್ಬರ್ ಕ್ರೀಗರ್. ಕೋಣೆಗೆ ಬಂದ ಹೆಚ್ಚಿನವರು ಸಹಜವಾಗಿ ಬಲಕ್ಕೆ ತಿರುಗುತ್ತಾರೆ ಎಂಬುದು ಅವರ ಯೋಜನೆಯ ಆಧಾರ. ಆದ್ದರಿಂದ ಬಲಗಡೆ ಅಗಲವಾದ, ಆಹ್ವಾನಿಸುವಂತಹ ದಾರಿ ಮಾಡಿ, ಅಲ್ಲಿ ಮಧ್ಯಮ ಬೆಲೆಗಿಂತ ಸ್ವಲ್ಪ ಮೇಲಿನ ಪೆಟ್ಟಿಗೆಗಳನ್ನು ಇಡಬೇಕು. ಎಡಕ್ಕೆ ತಿರುಗುವವರಿಗೆ, ಅಂದರೆ ಸುಲಭಕ್ಕೆ ಬಗ್ಗದವರಿಗೆ, ಬೇರೆ ಓಣಿ. ಆ ಓಣಿಗೆ ಕೈಪಿಡಿ ಕೊಟ್ಟ ಹೆಸರಿನಲ್ಲೇ 'ಪ್ರತಿರೋಧ' ಎಂಬ ಅರ್ಥವಿತ್ತು. ಗಿರಾಕಿಯ ಹೆಜ್ಜೆಯನ್ನು ಮೊದಲೇ ಎಣಿಸಿ ಕೋಣೆ ಕಟ್ಟುವ ಈ ವಿಧಾನ ಇಂದಿನ ಸೂಪರ್ ಮಾರ್ಕೆಟ್‌ಗಳಿಗೂ ಹೊಸದಲ್ಲ. ವ್ಯತ್ಯಾಸ ಇಷ್ಟೇ, ಸೂಪರ್ ಮಾರ್ಕೆಟ್‌ಗೆ ಮುಂದಿನ ವಾರ ಮತ್ತೆ ಹೋಗಬಹುದು, ಮೋಸ ಹೋದೆವು ಎನಿಸಿದರೆ ಅಂಗಡಿ ಬದಲಿಸಬಹುದು.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿ, ಗ್ರಾಹಕರಿಗೆ ಕೊಡುವ ಮಾಹಿತಿಯಲ್ಲೇ ಒಂದು ಎಚ್ಚರಿಕೆ ಇದೆ. ಸಾಮಾನ್ಯ ಗಿರಾಕಿ ತನಗೆ ತೋರಿಸಿದ ಮೊದಲ ಮೂರು ಮಾದರಿಗಳಲ್ಲಿ ಒಂದನ್ನು, ಅದರಲ್ಲೂ ಹೆಚ್ಚಾಗಿ ನಡುವಿನ ಬೆಲೆಯದನ್ನು ಕೊಳ್ಳುತ್ತಾನೆ ಎಂದು ಅಧ್ಯಯನಗಳು ಹೇಳುತ್ತವೆ ಎಂಬುದು ಅದರ ಸಾರ. ಹಾಗಾದರೆ ಮಾರುವವನಿಗೆ ಲಾಭ ಯಾವುದರಲ್ಲಿದೆ? ಮೊದಲ ಮೂರೂ ದುಬಾರಿಯದೇ ಆಗಿರುವುದರಲ್ಲಿ. ಇದು ಗಿರಾಕಿಯ ದಡ್ಡತನವಲ್ಲ. ವಸ್ತುವಿನ ಬೆಲೆ ಎಷ್ಟಿರಬೇಕು ಎಂದು ಗೊತ್ತಿಲ್ಲದಾಗ ಯಾರೇ ಆದರೂ ಕಣ್ಣ ಮುಂದೆ ಇರುವುದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಅಗ್ಗದ್ದನ್ನು ಆರಿಸಿದರೆ ಹೋದವರಿಗೆ ಅನ್ಯಾಯ ಮಾಡಿದಂತೆ, ತೀರಾ ದುಬಾರಿ ಕೈಗೆಟಕದು, ಹಾಗಾಗಿ ನಡುವಿನದು.

ಕೋಣೆಗೆ ಮೊದಲು ಪಟ್ಟಿ: ಕಾನೂನು ಏನು ಹೇಳುತ್ತದೆ?

1984ರಲ್ಲಿ ಜಾರಿಗೆ ಬಂದ ಎಫ್‌ಟಿಸಿಯ 'ಫ್ಯೂನರಲ್ ರೂಲ್' ಈ ಜಾಣತನಕ್ಕೆ ಒಂದು ಸರಳ ಮದ್ದು ಕಂಡುಕೊಂಡಿತು. ಪೆಟ್ಟಿಗೆಗಳನ್ನು ತೋರಿಸುವ ಮೊದಲೇ ಅವುಗಳ ಬೆಲೆ ಪಟ್ಟಿಯನ್ನು ಗ್ರಾಹಕರ ಮುಂದಿಡಬೇಕು. ಅಂದರೆ ಕಣ್ಣಿಗೆ ಪೆಟ್ಟಿಗೆ ಬೀಳುವ ಮೊದಲು ಅಂಕಿ ಬೀಳಬೇಕು. ಕೋಣೆಯಲ್ಲಿ ಇಲ್ಲದ ಅಗ್ಗದ ಮಾದರಿಯೂ ಪಟ್ಟಿಯಲ್ಲಿ ಇರುತ್ತದೆ. 'ಇದನ್ನು ತೋರಿಸಿ' ಎಂದು ಕೇಳಲು ಅಷ್ಟು ಸಾಕು.

ಇದೇ ನಿಯಮದ ಇನ್ನೂ ಕೆಲವು ಅಂಶಗಳು ಹೀಗಿವೆ:

* ಖುದ್ದಾಗಿ ಹೋಗಿ ವಿಚಾರಿಸುವವರಿಗೆ ಎಲ್ಲ ಸೇವೆಗಳ ಬಿಡಿ ಬಿಡಿ ಬೆಲೆಯ ಪಟ್ಟಿಯನ್ನು ಮನೆಗೆ ಒಯ್ಯಲು ಕೊಡಬೇಕು.
* ಫೋನ್ ಮಾಡಿ ಕೇಳಿದರೂ ಬೆಲೆ ಹೇಳಬೇಕು.
* ಪೆಟ್ಟಿಗೆಯನ್ನು ಬೇರೆ ಕಡೆ ಕೊಂಡು ತಂದರೆ ಬೇಡ ಎನ್ನುವಂತಿಲ್ಲ. ಅದಕ್ಕೆಂದು ಹೆಚ್ಚುವರಿ ಶುಲ್ಕ ಹಾಕುವಂತಿಲ್ಲ.
* ದಹನಕ್ಕೆ ಕ್ಯಾಸ್ಕೆಟ್ ಕಡ್ಡಾಯ ಎಂದು ಹೇಳುವಂತಿಲ್ಲ. ನೇರ ದಹನ ಸೇವೆ ನೀಡುವವರು ರಟ್ಟು ಅಥವಾ ಸಾದಾ ಮರದ ಹಲಗೆಯಂತಹ ಸರಳ ಪೆಟ್ಟಿಗೆ ಲಭ್ಯವಾಗಿಸಬೇಕು.
* ರಬ್ಬರ್ ಪಟ್ಟಿ ಇರುವ ಪೆಟ್ಟಿಗೆ ದೇಹವನ್ನು ಕೆಡದಂತೆ ಅನಿರ್ದಿಷ್ಟ ಕಾಲ ಕಾಪಾಡುತ್ತದೆ ಎಂದು ಹೇಳುವಂತಿಲ್ಲ.

ಕೊನೆಯ ಅಂಶಕ್ಕೂ ಪ್ರದರ್ಶನಕ್ಕೂ ನಂಟಿದೆ. ಕತ್ತರಿಸಿದ ತುಂಡಿನಲ್ಲಿ ಮುಚ್ಚಳದ ಅಂಚಿನ ರಬ್ಬರ್ ಪಟ್ಟಿ ಎದ್ದು ಕಾಣುತ್ತದೆ. ನೋಡಿದವರಿಗೆ 'ನೀರು ಗಾಳಿ ಸೇರುವುದಿಲ್ಲ, ದೇಹ ಹಾಗೇ ಇರುತ್ತದೆ' ಎಂದು ತಾನಾಗಿಯೇ ಅನಿಸುತ್ತದೆ. ಹೇಳದೆ ಹೇಳುವ ಸುಳ್ಳು ಅದು.

ಉಕ್ಕಿನ ಗೇಜ್ ಕೂಡ ಹೀಗೇ ಗೊಂದಲ ಹುಟ್ಟಿಸುತ್ತದೆ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. 20 ಗೇಜ್ ಎಂದರೆ ಸುಮಾರು 0.9 ಮಿಲಿಮೀಟರ್, 18 ಗೇಜ್ ಸುಮಾರು 1.2, 16 ಗೇಜ್ ಸುಮಾರು 1.5 ಮಿಲಿಮೀಟರ್. ಬಣ್ಣ ಹಚ್ಚಿದ ಮೇಲೆ ಹೊರಗಿನಿಂದ ವ್ಯತ್ಯಾಸ ಕಾಣದು. ಚೀಟಿಯಲ್ಲಿ ದಪ್ಪವನ್ನು ಮಿಲಿಮೀಟರ್‌ನಲ್ಲೂ ಬರೆದರೆ, ಕತ್ತರಿಸಿದ ಅಂಚನ್ನು ಪಟ್ಟಿಯಿಂದ ಮುಚ್ಚದೆ ಬಿಟ್ಟರೆ, ತಾನು ಯಾವುದಕ್ಕೆ ಹೆಚ್ಚು ಹಣ ಕೊಡುತ್ತಿದ್ದೇನೆ ಎಂದು ಗಿರಾಕಿಗೆ ತಿಳಿಯುತ್ತದೆ.

ನಿಯಮ ಬಂದು ನಾಲ್ಕು ದಶಕವಾದರೂ ಪಾಲನೆ ಪೂರ್ತಿ ಆಗಿಲ್ಲ. ಎಫ್‌ಟಿಸಿ ಸಿಬ್ಬಂದಿ ಗಿರಾಕಿಗಳಂತೆ 250ಕ್ಕೂ ಹೆಚ್ಚು ಫ್ಯೂನರಲ್ ಹೋಮ್‌ಗಳಿಗೆ ಫೋನ್ ಮಾಡಿ ಪರೀಕ್ಷಿಸಿ, 2024ರ ಜನವರಿಯಲ್ಲಿ 39 ಸಂಸ್ಥೆಗಳಿಗೆ ಎಚ್ಚರಿಕೆ ಪತ್ರ ಕಳಿಸಿದರು. ಬೆಲೆ ಪಟ್ಟಿಯನ್ನು ವೆಬ್‌ಸೈಟ್‌ನಲ್ಲೂ ಹಾಕಬೇಕೇ ಎಂಬ ಬಗ್ಗೆ 2022ರಲ್ಲಿ ಸಾರ್ವಜನಿಕರ ಅಭಿಪ್ರಾಯವನ್ನೂ ಕೇಳಲಾಗಿತ್ತು.

ಬೇರೆ ಅಂಗಡಿ ಬಂದಾಗ

ಹೊರಗೆ ಕೊಳ್ಳಬಹುದು ಎಂದ ಮೇಲೆ ಹೊರಗಿನ ಅಂಗಡಿಗಳೂ ಬಂದವು. ಕಾಸ್ಟ್‌ಕೊ ಕಂಪನಿ 2004ರಲ್ಲಿ ಶಿಕಾಗೋ ಪ್ರದೇಶದ ಮಳಿಗೆಗಳಲ್ಲಿ ಶವಪೆಟ್ಟಿಗೆ ಮಾರಾಟ ಪರೀಕ್ಷಿಸಿತು. ವಾಲ್‌ಮಾರ್ಟ್ 2009ರಲ್ಲಿ ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿತು. ಪರದೆಯ ಮೇಲೆ ಬಲಗಡೆ ಓಣಿಯಿಲ್ಲ, ದೀಪವಿಲ್ಲ. ಕಡಿಮೆ ಬೆಲೆಯಿಂದ ಹೆಚ್ಚಿನ ಬೆಲೆಗೆ ಎಂದು ಒಂದು ಗುಂಡಿ ಒತ್ತಿದರೆ ಇಡೀ ಕೋಣೆ ಮರುಜೋಡಣೆಯಾಗುತ್ತದೆ.

ಕೆಲವು ರಾಜ್ಯಗಳು ಇದಕ್ಕೆ ತಡೆ ಹಾಕಲು ನೋಡಿದವು. ಪರವಾನಗಿ ಪಡೆದ ಫ್ಯೂನರಲ್ ಡೈರೆಕ್ಟರ್ ಮಾತ್ರ ಪೆಟ್ಟಿಗೆ ಮಾರಬೇಕು ಎಂಬ ಟೆನೆಸಿ ರಾಜ್ಯದ ಕಾನೂನನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯ 2002ರಲ್ಲಿ ತಳ್ಳಿಹಾಕಿತು. ಲೂಸಿಯಾನಾ ರಾಜ್ಯದ ಸೇಂಟ್ ಜೋಸೆಫ್ ಮಠದ ಸನ್ಯಾಸಿಗಳು ತಾವೇ ಮಾಡಿದ ಸಾದಾ ಮರದ ಪೆಟ್ಟಿಗೆ ಮಾರಲು ಹೊರಟಾಗಲೂ ಇದೇ ತಕರಾರು ಎದ್ದಿತು. 2013ರಲ್ಲಿ ತೀರ್ಪು ಸನ್ಯಾಸಿಗಳ ಪರವಾಗಿ ಬಂತು. ಪರವಾನಗಿಯ ನೆಪದಲ್ಲಿ ಒಂದು ಉದ್ಯಮವನ್ನು ಸ್ಪರ್ಧೆಯಿಂದ ಕಾಪಾಡುವುದು ಸರಿಯಾದ ಕಾರಣವಲ್ಲ ಎಂಬುದು ಎರಡೂ ತೀರ್ಪುಗಳ ತಿರುಳು.

ದಹನ ಹೆಚ್ಚಿತು, ಗೋಡೆ ಮತ್ತೆ ಬದಲಾಯಿತು

2015ರ ಹೊತ್ತಿಗೆ ಅಮೆರಿಕದಲ್ಲಿ ಹೂಳುವವರಿಗಿಂತ ದಹನ ಮಾಡುವವರ ಸಂಖ್ಯೆ ಹೆಚ್ಚಾಯಿತು. ಏಳು ಅಡಿ ಪೆಟ್ಟಿಗೆಗಾಗಿ ಕಟ್ಟಿದ ಗೋಡೆಯ ಮೇಲೆ ಈಗ ಒಂದು ಅಡಿಯ ಅಸ್ಥಿ ಕಲಶಗಳು ಬಂದಿವೆ. ಅಲ್ಲಿ ಬಳಕೆಯಲ್ಲಿರುವ ಲೆಕ್ಕ ಹೀಗಿದೆ: ದೇಹದ ಪ್ರತಿ ಪೌಂಡ್ ತೂಕಕ್ಕೆ ಒಂದು ಘನ ಇಂಚು. ಸಾಮಾನ್ಯ ಕಲಶ ಸುಮಾರು 200 ಘನ ಇಂಚಿನದು, ಅಂದರೆ ಮೂರು ಲೀಟರ್‌ಗಿಂತ ತುಸು ಹೆಚ್ಚು.

ಸರಕು ಸಣ್ಣದಾದಾಗ ಸಮಸ್ಯೆ ತಿರುಗುಮುರುಗಾಗುತ್ತದೆ. ಮೊದಲು ಜಾಗ ಸಾಲದೆ ಆಯ್ಕೆ ಕಡಿಮೆ. ಈಗ ಜಾಗ ಹೆಚ್ಚಾಗಿ ನೂರು ಕಲಶ. ದುಃಖದಲ್ಲಿರುವವರಿಗೆ ನೂರರಲ್ಲಿ ಒಂದನ್ನು ಆರಿಸುವುದು ಮೂರರಲ್ಲಿ ಒಂದನ್ನು ಆರಿಸುವುದಕ್ಕಿಂತ ಕಷ್ಟ. ಕಪಾಟಿನಲ್ಲಿ ಕಲಶಗಳನ್ನು ಬೆಲೆಯ ಬದಲು ಬಳಕೆಗೆ ತಕ್ಕಂತೆ ಗುಂಪು ಮಾಡಿದರೆ, ಅಂದರೆ ಮನೆಯಲ್ಲಿ ಇಡುವುದು, ನೀರಿನಲ್ಲಿ ಬಿಡುವುದು, ಮಣ್ಣಿನಲ್ಲಿ ಹೂಳುವುದು ಎಂದು, ಆರಿಸುವವರ ಹೊರೆ ಕಡಿಮೆಯಾಗುತ್ತದೆ.

ಕನ್ನಡಿಗರಿಗೆ ಇದರಿಂದ ಏನು?

ನಮ್ಮ ಕಡೆ ಹಿಂದೂ ಕುಟುಂಬಗಳಿಗೆ ಈ ಕೋಣೆಯ ಅನುಭವವಿಲ್ಲ. ಚಟ್ಟಕ್ಕೆ ಬಿದಿರು ಬರುತ್ತದೆ, ಮನೆ ಮುಂದೆಯೇ ಕಟ್ಟುತ್ತಾರೆ. ಗ್ರಂಥಿಗೆ ಅಂಗಡಿಯವರಿಗೆ ವಿಷಯ ತಿಳಿಸಿದರೆ ಮಡಕೆ, ಬಟ್ಟೆ, ದರ್ಭೆ ಎಲ್ಲವೂ ಒಂದು ಗಂಟಾಗಿ ಬರುತ್ತದೆ. ಅದೇ ಅಂಗಡಿಯ ಮುಂಭಾಗದಲ್ಲಿ ಮದುವೆಯ ಬಾಸಿಂಗ ತೂಗುತ್ತಿದ್ದರೆ, ಅಂತ್ಯಕ್ರಿಯೆಯ ಸಾಮಾನು ಒಳಗಿರುತ್ತದೆ. ತೋರಿಸದೇ ಇರುವುದೇ ಅಲ್ಲಿನ ಪ್ರದರ್ಶನ ನಿಯಮ. ಕ್ರೈಸ್ತ ಕುಟುಂಬಗಳು ಹೋಗುವ ಶವಪೆಟ್ಟಿಗೆ ಅಂಗಡಿಗಳು ಸಾಮಾನ್ಯವಾಗಿ ಕಿರಿದು. ಪೆಟ್ಟಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿರುತ್ತಾರೆ. ಎಂಆರ್‌ಪಿ ಮುದ್ರಿಸಿದ ಸರಕಲ್ಲವಾದ್ದರಿಂದ ಬೆಲೆ ಮಾತಿನಲ್ಲೇ ತೀರ್ಮಾನವಾಗುತ್ತದೆ.

ಆದರೆ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದ ತಂದೆತಾಯಿ ಅಲ್ಲೇ ತೀರಿಕೊಂಡಾಗ ಕನ್ನಡ ಕುಟುಂಬಗಳು ಹಠಾತ್ತನೆ ಈ ಕೋಣೆಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಅಂತಹ ಸಂದರ್ಭದಲ್ಲಿ ನೆನಪಿಡಬೇಕಾದ ಕೆಲವು ಸಂಗತಿಗಳಿವೆ.

* ಶೋರೂಂಗೆ ಹೋಗುವ ಮೊದಲು ಪೆಟ್ಟಿಗೆ ಬೆಲೆ ಪಟ್ಟಿ ಕೇಳಿ, ಕುಳಿತು ಓದಿ. ಅದು ಹಕ್ಕು, ಜಿಪುಣತನವಲ್ಲ.
* ದಹನವೇ ಆಗಬೇಕಿದ್ದರೆ ಕ್ಯಾಸ್ಕೆಟ್ ಕೊಳ್ಳುವುದು ಕಡ್ಡಾಯವಲ್ಲ. ಸರಳ ಪೆಟ್ಟಿಗೆ ಕೇಳಿ. ಕೊನೆಯ ದರ್ಶನಕ್ಕೆ ಮಾತ್ರ ಬಾಡಿಗೆ ಕ್ಯಾಸ್ಕೆಟ್ ಕೊಡುವ ಸಂಸ್ಥೆಗಳೂ ಇವೆ.
* ಅಸ್ಥಿಯನ್ನು ಊರಿಗೆ ತಂದು ನದಿಯಲ್ಲಿ ಬಿಡುವ ಉದ್ದೇಶವಿದ್ದರೆ ದುಬಾರಿ ಕಲಶದ ಅಗತ್ಯವಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಲೋಹದ ಕಲಶದ ಒಳಗಿನದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಮರ ಅಥವಾ ಪ್ಲಾಸ್ಟಿಕ್‌ನದು ಅನುಕೂಲ.
* ಕುಟುಂಬದವರ ಜೊತೆ ಒಬ್ಬ ಸ್ನೇಹಿತರೋ ನೆರೆಯವರೋ ಇರಲಿ. ದುಃಖ ಸ್ವಲ್ಪ ದೂರದಲ್ಲಿರುವವರ ಕಣ್ಣಿಗೆ ಬೆಲೆ ಚೀಟಿ ಬೇಗ ಕಾಣುತ್ತದೆ.

ಒಳ್ಳೆಯ ವಿನ್ಯಾಸ ಎಂದರೇನು?

ಈ ಎಲ್ಲವನ್ನೂ ಒಟ್ಟಿಗೆ ನೋಡಿದರೆ ಶವಪೆಟ್ಟಿಗೆ ಶೋರೂಂಗೆ ಒಪ್ಪುವ ಚೌಕಟ್ಟು ಹೇಗಿರಬೇಕು ಎಂಬುದು ಸ್ಪಷ್ಟವಾಗುತ್ತದೆ. ಅತಿ ಕಡಿಮೆ ಬೆಲೆಯ ಮಾದರಿಯೂ ಉಳಿದವುಗಳ ಜೊತೆ ಅದೇ ಎತ್ತರದಲ್ಲಿ, ಅದೇ ಬೆಳಕಿನಲ್ಲಿ ಇರಬೇಕು. ಅದರ ಬಣ್ಣವನ್ನು ಬೇಕೆಂದೇ ಕೊಳಕಾಗಿಸಬಾರದು. ಬೆಲೆ ಚೀಟಿ ಕುಳಿತವರಿಗೂ ಕಾಣುವ ಎತ್ತರದಲ್ಲಿ, ಓದುವ ಕನ್ನಡಕ ಮರೆತು ಬಂದವರಿಗೂ ಕಾಣುವ ಗಾತ್ರದಲ್ಲಿ ಇರಬೇಕು. ತುಂಡಿನ ಪಕ್ಕದಲ್ಲಿ ಒಂದಾದರೂ ಪೂರ್ಣ ಪೆಟ್ಟಿಗೆ ಇದ್ದರೆ ಗಾತ್ರದ ಅಂದಾಜು ಸಿಗುತ್ತದೆ. ಗೋಡೆಯ ಸ್ಕ್ರೂ ಮನುಷ್ಯನ ಭಾರ ತಾಳಬೇಕು. ಹತ್ತಿರ ಒಂದು ಕುರ್ಚಿ, ಬೇಕಾದಾಗ ಹೊರಗೆ ಹೋಗಲು ಒಂದು ಬಾಗಿಲು ಇರಬೇಕು.

ಹಾಸಿಗೆ, ಬಾಗಿಲು, ಟೈಲ್ಸ್ ಮಾರುವ ಅಂಗಡಿಗೂ ಇವೇ ಮಾತು ಅನ್ವಯಿಸುತ್ತವೆ. ಯಾವ ಚೌಕಟ್ಟೂ ಪಕ್ಷಪಾತವಿಲ್ಲದೆ ನಿಲ್ಲುವುದಿಲ್ಲ, ಯಾವುದನ್ನೋ ಮುಂದೆ ಇಡಲೇಬೇಕು, ಯಾವುದನ್ನೋ ಹಿಂದೆ. ಹಾಗಾಗಿ ಅಂಗಡಿಯಲ್ಲಿ ದೊಡ್ಡ ವಸ್ತು ಕೊಳ್ಳುವ ಯಾರೇ ಆದರೂ ಒಂದು ಪ್ರಶ್ನೆ ಕೇಳುವುದು ಒಳ್ಳೆಯದು: 'ಇಲ್ಲಿ ಕಾಣದೇ ಇರುವ ಮಾದರಿ ಇನ್ನೇನಿದೆ?'